ಕ್ಯಾಮೆರಾ ರಿಪೇರಿ ವಿದ್ಯೆ ಮನೆಯಲ್ಲೇ ಇರಲಿ

ನಮ್ಮ ಕಿಬ್ಬನಹಳ್ಳಿ ಕ್ರಾಸಿನಿಂದ ತಿಪಟೂರು ಕಡೆ ಹೋಗಿ, ತುರುವೇಕೆರೆ ಕಡೆ ಹೋಗಿ, ಚಿಕ್ಕನಾಯಕನಹಳ್ಳಿ ಕಡೆ ಹೋಗಿ. ತೋಟದ ಮನೆಗಳ ಸೂರಿನ ಮೂಲೆಯಲ್ಲಿ ಈಗ ಕ್ಯಾಮೆರಾ ಕಾಣುತ್ತದೆ. ಕಾರಣ ಎಲ್ಲರಿಗೂ ಗೊತ್ತಿದ್ದದ್ದೇ. 2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇದ್ದಾಗ ಮಾರುಕಟ್ಟೆ ಅದಕ್ಕಿಂತ ಕೆಳಗೆ ಬಿದ್ದಿತ್ತು. ಅದೇ ಕೊಬ್ಬರಿ 2025ರಲ್ಲಿ ತಿಪಟೂರಿನಲ್ಲಿ 20,000 ರೂಪಾಯಿ ದಾಟಿತು. ಹತ್ತು ಸಾವಿರ ಕಾಯಿ ಅಟ್ಟದಲ್ಲಿದ್ದರೆ ಸುಮಾರು ಹತ್ತು ಕ್ವಿಂಟಲ್ ಕೊಬ್ಬರಿ. ಆ ದರಕ್ಕೆ ಎರಡು ಲಕ್ಷ ರೂಪಾಯಿ ನಮ್ಮ ತಲೆಯ ಮೇಲೇ ಒಣಗುತ್ತಿದೆ ಅಂತಾಯಿತು. ಇದರ ಜತೆಗೆ ಬೋರ್‌ವೆಲ್ಲಿನ ತಾಮ್ರದ ಕೇಬಲ್ಲು, ಸ್ಟಾರ್ಟರು, ಅಂಗಳದ ರಾಶಿಕಾಯಿ.

ಹಾಗಾಗಿ ಕ್ಯಾಮೆರಾ ಹಾಕಿಸಿಕೊಂಡದ್ದು ಸರಿಯೇ. ಆದರೆ ಹಾಕಿಸಿದ್ದರಲ್ಲಿ ಇವತ್ತು ಎಷ್ಟು ಕೆಲಸ ಮಾಡುತ್ತಿವೆ? ನೆಂಟರಿಷ್ಟರ ಮನೆಗೆ ಹೋದಾಗಲೆಲ್ಲ ನಾನು ಕೇಳುತ್ತೇನೆ. "ಇದೆ, ಆದ್ರೆ ನೆಟ್ ಪ್ರಾಬ್ಲಮ್ಮು" ಅನ್ನುವ ಉತ್ತರವೇ ಹೆಚ್ಚು. ಆ ನೆಟ್ ಪ್ರಾಬ್ಲಮ್ಮು ಏನು ಅಂತ ಕೇಳಿದರೆ ಗೊತ್ತಿಲ್ಲ. "ಹಾಕಿದ ಹುಡುಗ ಬರಬೇಕು" ಅನ್ನುತ್ತಾರೆ. ಹುಡುಗ ಬರಲ್ಲ.

ನನ್ನ ಅಭಿಪ್ರಾಯದಲ್ಲಿ, ಸಂಪರ್ಕ ಕಡಿದ ಕ್ಯಾಮೆರಾ ಕ್ಯಾಮೆರಾ ಇಲ್ಲದ್ದಕ್ಕಿಂತ ಕೆಟ್ಟದ್ದು. ಇಲ್ಲದಿದ್ದಾಗ ರಾತ್ರಿ ಒಂದು ಸಲ ಎದ್ದು ಟಾರ್ಚ್ ಬಿಡುತ್ತಿದ್ದೆವು, ನಾಯಿ ಬೊಗಳಿದರೆ ಕಿವಿ ಕೊಡುತ್ತಿದ್ದೆವು. ಈಗ ಕ್ಯಾಮೆರಾ ಇದೆ ಅಂತ ಮಲಗುತ್ತೇವೆ.

ನೋಡುವವರು ಅಲ್ಲಿ, ತಂತಿ ಇಲ್ಲಿ

ಮುಖ್ಯ ಕಾರಣ ಇದು ಅಂತ ನನಗನ್ನಿಸುತ್ತದೆ. ಕ್ಯಾಮೆರಾ ಇರುವುದು ಊರಲ್ಲಿ. ಮೊಬೈಲಿನಲ್ಲಿ ಅದನ್ನು ನೋಡುವವನು ಬೆಂಗಳೂರಿನಲ್ಲಿರುವ ಮಗನೋ ಅಳಿಯನೋ. ಚಿತ್ರ ಬರಲಿಲ್ಲ ಅಂದರೆ ಅವನಿಗೆ ಮೊದಲು ಗೊತ್ತಾಗುತ್ತದೆ. ಅವನು ಫೋನ್ ಮಾಡಿ "ಅಪ್ಪಾ, ಕ್ಯಾಮೆರಾ ಆಫ್‌ಲೈನ್ ಆಗಿದೆ, ರೂಟರ್ ರೀಸ್ಟಾರ್ಟ್ ಮಾಡಿ" ಅನ್ನುತ್ತಾನೆ. ಮನೆಯಲ್ಲಿರುವ ಅಪ್ಪ ಅಮ್ಮನಿಗೆ ರೂಟರ್ ಯಾವುದು, ರೆಕಾರ್ಡರ್ ಯಾವುದು, ಯಾವ ಡಬ್ಬಿಯ ಯಾವ ದೀಪ ಹಸಿರಿರಬೇಕು ಅಂತ ಯಾರೂ ಹೇಳಿಕೊಟ್ಟಿಲ್ಲ. ತಂತಿ ಪಕ್ಕದಲ್ಲಿರುವವರಿಗೆ ವಿದ್ಯೆ ಇಲ್ಲ, ವಿದ್ಯೆ ಇರುವವರ ಪಕ್ಕದಲ್ಲಿ ತಂತಿ ಇಲ್ಲ.

ಇದೇನೂ ಕಲಿಯಲಾಗದ ವಿದ್ಯೆಯಲ್ಲ. ಬೋರಿನಲ್ಲಿ ನೀರು ಬರದಿದ್ದರೆ ನಾವು ಮೊದಲೇ ಮೋಟಾರು ಮೇಲೆತ್ತಿಸುತ್ತೇವಾ? ಫ್ಯೂಸು ನೋಡುತ್ತೇವೆ, ಮೂರು ಫೇಸೂ ಬಂದಿದೆಯಾ ನೋಡುತ್ತೇವೆ, ಸ್ಟಾರ್ಟರು ಹಿಡಿಯುತ್ತಿದೆಯಾ, ಕೇಬಲ್ ಜಾಯಿಂಟು ಸುಟ್ಟಿದೆಯಾ ನೋಡುತ್ತೇವೆ. ಕೊನೆಗೆ ಮೋಟಾರು. ಓದು ಬರಹ ಬಾರದ ರೈತನೂ ಈ ಕ್ರಮ ತಪ್ಪಲ್ಲ. ಕ್ಯಾಮೆರಾಕ್ಕೂ ಇಂಥದೇ ಒಂದು ಕ್ರಮ ಇದೆ.

ಚಿತ್ರ ನಮ್ಮ ಕೈಗೆ ಬರುವ ದಾರಿಯಲ್ಲಿ ಮೂರು ಗಂಟುಗಳಿವೆ. ಒಂದು, ಕ್ಯಾಮೆರಾಕ್ಕೆ ಕರೆಂಟು. ಎರಡು, ಕ್ಯಾಮೆರಾದಿಂದ ಮನೆಯ ರೂಟರಿನ ತನಕ ದಾರಿ. ಇದು ತಂತಿಯಿರಬಹುದು, ವೈಫೈ ಇರಬಹುದು. ಮೂರು, ರೂಟರಿನಿಂದ ಹೊರಲೋಕಕ್ಕೆ ಹೋಗುವ ಇಂಟರ್ನೆಟ್ಟು. ಯಾವ ಗಂಟು ಬಿಚ್ಚಿದರೂ ಮೊಬೈಲಿನಲ್ಲಿ ಕಾಣುವ ಮಾತು ಒಂದೇ: ಆಫ್‌ಲೈನ್.

ಮೂರರಲ್ಲಿ ಯಾವುದು ಅಂತ ಕಂಡುಕೊಳ್ಳಲು ಎರಡು ನಿಮಿಷ ಸಾಕು. ರಾತ್ರಿಯಾದರೆ ಮೊದಲು ಕ್ಯಾಮೆರಾ ಮುಖ ನೋಡಿ. ಬಹುಪಾಲು ಕ್ಯಾಮೆರಾಗಳಲ್ಲಿ ಕತ್ತಲಲ್ಲಿ ಮಂಕಾದ ಕೆಂಪು ಚುಕ್ಕಿಗಳು ಕಾಣುತ್ತವೆ. ಕಂಡರೆ ಕರೆಂಟು ಇದೆ. ಆಮೇಲೆ ನಿಮ್ಮ ಮೊಬೈಲಿನ ಡೇಟಾ ಆರಿಸಿ, ಮನೆಯ ವೈಫೈಗೆ ಸೇರಿಸಿ, ಮನೆಯೊಳಗೇ ನಿಂತು ಕ್ಯಾಮೆರಾ ತೆರೆಯಿರಿ. ರೆಕಾರ್ಡರಿಗೆ ಟಿವಿ ಜೋಡಿಸಿದ್ದರೆ ಟಿವಿಯಲ್ಲೇ ನೋಡಿ. ಚಿತ್ರ ಬಂತೋ, ಮೊದಲಿನ ಎರಡು ಗಂಟು ಸರಿಯಿವೆ, ತೊಂದರೆ ಹೊರಗಿನ ನೆಟ್ಟಿನದು. ನೆಟ್ ಕೊಟ್ಟವರಿಗೆ ಫೋನ್ ಮಾಡಿ, ಏಣಿ ಹಾಕುವ ಕೆಲಸ ಇಲ್ಲ. ಚಿತ್ರ ಬರಲಿಲ್ಲವೋ, ತೊಂದರೆ ಹೆಚ್ಚಾಗಿ ನಮ್ಮ ಆವರಣದಲ್ಲೇ ಇರುತ್ತದೆ. ಇಷ್ಟು ಹೇಳಲು ಬಂದರೆ ಬೆಂಗಳೂರಿನ ಮಗನಿಗೂ ಕೆಲಸ ಅರ್ಧ ಆಯಿತು.

ರೋಗ ಒಂದೊಂದು, ಲಕ್ಷಣ ಒಂದೊಂದು

ನಮ್ಮ ತೋಟದಲ್ಲೂ ಅಕ್ಕಪಕ್ಕದಲ್ಲೂ ನೋಡಿದ್ದನ್ನು ಬರೆಯುತ್ತೇನೆ. ಯಾವಾಗ ಕಡಿಯುತ್ತದೆ ಅನ್ನುವುದರಲ್ಲೇ ಅರ್ಧ ಉತ್ತರ ಇರುತ್ತದೆ.

ಹಗಲು ಸರಿ, ರಾತ್ರಿ ಹೋಗುತ್ತದೆ. ಇದು ಹೆಚ್ಚಾಗಿ ಕರೆಂಟಿನ ರೋಗ. ಕತ್ತಲಾದ ಕೂಡಲೆ ಕ್ಯಾಮೆರಾ ತನ್ನ ಕಣ್ಣಿಗೆ ಕಾಣದ ದೀಪ ಹಚ್ಚುತ್ತದೆ, ಆಗ ಅದಕ್ಕೆ ಕರೆಂಟು ಹೆಚ್ಚು ಬೇಕು. 12 ವೋಲ್ಟಿನ ಕ್ಯಾಮೆರಾ ರಾತ್ರಿ ಅರ್ಧ ಆಂಪಿಯರ್ ಎಳೆಯುತ್ತದೆ ಅನ್ನಿ. ನೆಟ್ ಕೇಬಲ್ಲಿನ ಒಂದು ಜೊತೆ ಎಳೆಯಲ್ಲೇ 30 ಮೀಟರು ದೂರ ಕರೆಂಟು ಕಳಿಸಿದರೆ ಎರಡೂವರೆ ವೋಲ್ಟು ದಾರಿಯಲ್ಲೇ ಕಳೆದುಹೋಗುತ್ತದೆ. ತಲುಪುವುದು ಒಂಬತ್ತೂವರೆ. ಕ್ಯಾಮೆರಾ ಆರುತ್ತದೆ, ಹತ್ತುತ್ತದೆ, ಮತ್ತೆ ಆರುತ್ತದೆ. ತೆಳು ಕೇಬಲ್ ಹಾಕಿದರೆ ಮೋಟಾರು ಏಳದೇ ಇರುವುದಕ್ಕೂ ಇದಕ್ಕೂ ವ್ಯತ್ಯಾಸ ಇಲ್ಲ. ಅಡಾಪ್ಟರನ್ನು ಕ್ಯಾಮೆರಾ ಹತ್ತಿರಕ್ಕೆ ತನ್ನಿ, ಇಲ್ಲವೇ ದಪ್ಪ ತಂತಿ ಹಾಕಿಸಿ. ಹೊಸ ಕ್ಯಾಮೆರಾ ತರುವ ಮುಂಚೆ ಒಂದು ಒಳ್ಳೆ ಅಡಾಪ್ಟರ್ ಬದಲಾಯಿಸಿ ನೋಡಿ.

ಕರೆಂಟು ಹೋಗಿ ಬಂದ ಮೇಲೆ ಒಂದೋ ಎರಡೋ ಕ್ಯಾಮೆರಾ ವಾಪಸು ಬರಲ್ಲ. ತೋಟದ ಮನೆಗೆ ಪಂಪ್‌ಸೆಟ್ ಲೈನಿನಿಂದಲೇ ಕರೆಂಟು ಇದ್ದರೆ ಇದು ದಿನವೂ ಕಾಡುತ್ತದೆ. ರೂಟರು ಪ್ರತಿಯೊಂದು ಉಪಕರಣಕ್ಕೂ 192.168.1.20 ಅನ್ನುವಂಥ ಒಂದು ನಂಬರು ಕೊಡುತ್ತದೆ. ಮನೆ ನಂಬರು ಇದ್ದ ಹಾಗೆ. ಕರೆಂಟು ಹೋಗಿ ಬಂದಾಗ ಆ ನಂಬರು ಅದಲು ಬದಲಾಗಬಹುದು. ರೆಕಾರ್ಡರು ಹಳೇ ನಂಬರಿನ ಬಾಗಿಲು ತಟ್ಟುತ್ತದೆ, ಅಲ್ಲಿ ಈಗ ಯಾರದೋ ಮೊಬೈಲು ಕೂತಿರುತ್ತದೆ. ಪರಿಹಾರ: ಒಂದೊಂದು ಕ್ಯಾಮೆರಾಕ್ಕೂ ಒಂದು ನಂಬರನ್ನು ರೂಟರಿನಲ್ಲೇ ಕಾಯಂ ಮಾಡಿಸಿ. ಹಾಕುವ ದಿನವೇ ಕೇಳಿದರೆ ಹತ್ತು ನಿಮಿಷದ ಕೆಲಸ.

ಹೊಸ ರೂಟರ್ ಬಂದ ದಿನದಿಂದ ಎಲ್ಲ ಕ್ಯಾಮೆರಾವೂ ಸತ್ತಿವೆ. ವೈಫೈ ಕ್ಯಾಮೆರಾಗಳು ಹಳೇ ಹೆಸರು, ಹಳೇ ಪಾಸ್‌ವರ್ಡನ್ನೇ ಹುಡುಕುತ್ತಾ ಕೂತಿರುತ್ತವೆ. ಹೊಸ ರೂಟರಿಗೆ ಹಳೇ ಹೆಸರು, ಹಳೇ ಪಾಸ್‌ವರ್ಡ್‌ ಅಕ್ಷರ ತಪ್ಪದಂತೆ ಕೊಟ್ಟರೆ ಸಾಮಾನ್ಯವಾಗಿ ತಾವಾಗಿಯೇ ಬಂದು ಸೇರಿಕೊಳ್ಳುತ್ತವೆ. ಅಷ್ಟಾದರೂ ಬರದಿದ್ದರೆ, ರೂಟರಿನಲ್ಲಿ 2.4 ಗಿಗಾಹರ್ಟ್ಸ್ ಚಾಲೂ ಇದೆಯಾ ನೋಡಿಸಿ. ಅಗ್ಗದ ಕ್ಯಾಮೆರಾಗಳಿಗೆ 5 ಗಿಗಾಹರ್ಟ್ಸ್ ವೈಫೈ ಕಾಣುವುದೇ ಇಲ್ಲ.

ಮಳೆ ಬಂದರೆ, ಗಾಳಿ ಬೀಸಿದರೆ ಹೋಗುತ್ತದೆ. ತಂತಿಯ ಕ್ಯಾಮೆರಾ ಆದರೆ ಸೂರಿನ ಹೊರಗಿರುವ ಜಾಯಿಂಟು ನೋಡಿ. ನೀರು ಕುಡಿದು ಹಿತ್ತಾಳೆ ಹಸಿರು ಕಟ್ಟಿರುತ್ತದೆ. ವೈಫೈ ಆದರೆ ನಮ್ಮ ತೆಂಗಿನ ಗರಿಯೇ ಅಡ್ಡ. ನೆಂದ ಗರಿ ವೈಫೈ ಅಲೆಯನ್ನು ನುಂಗುತ್ತದೆ. ಬೇಸಿಗೆಯಲ್ಲಿ ಚೆನ್ನಾಗಿದ್ದದ್ದು ಮಳೆಗಾಲದಲ್ಲಿ ಕೈಕೊಡುವುದು ಹೀಗೆ. ಹಳೇ ತೋಟದಲ್ಲಿ ಗರಿಗಳು ಮೇಲಿರುತ್ತವೆ, ಬೊಡ್ಡೆಗಳ ನಡುವೆ ಹತ್ತು ಹದಿನೈದು ಅಡಿ ಎತ್ತರದಲ್ಲಿ ಸಾಲು ಖಾಲಿ ಇರುತ್ತದೆ. ಆ ಸಾಲಿನ ನೇರಕ್ಕೆ ವೈಫೈ ಡಬ್ಬಿ ಕಟ್ಟಿ. ಎಳೇ ಸಸಿ ತೋಟದಲ್ಲಿ ಈ ಅನುಕೂಲ ಇಲ್ಲ. ಇವತ್ತು ಕಾಣುವ ದಾರಿ ನಾಲ್ಕು ವರ್ಷಕ್ಕೆ ಮುಚ್ಚಿಹೋಗುತ್ತದೆ.

ದೂರದ ಕ್ಯಾಮೆರಾ ಮೊದಲಿನಿಂದಲೂ ಸರಿಯಿಲ್ಲ. ನೆಟ್ ಕೇಬಲ್ಲಿನ ಮಿತಿ 100 ಮೀಟರು. ಮೂವತ್ತಡಿ ಅಂತರದ ತೋಟದಲ್ಲಿ ಮನೆ ಪಕ್ಕದ ಮರದಿಂದ ಎಣಿಸಿದರೆ ಹನ್ನೊಂದನೇ ಮರದ ಹತ್ತಿರ ಅದು ಮುಗಿಯಿತು. ಗೋಡೆ ಹತ್ತಿ ಇಳಿಯುವ ಉದ್ದವನ್ನೂ ಸೇರಿಸಿ ಲೆಕ್ಕ ಹಾಕಿ. ಅದಕ್ಕಿಂತ ದೂರಕ್ಕೆ ಮಧ್ಯದಲ್ಲಿ ಸ್ವಿಚ್ ಡಬ್ಬಿ ಬೇಕು, ಇಲ್ಲವೇ ಫೈಬರ್ ಎಳೆಯಬೇಕು. ಕೇಬಲ್ ಕೊಳ್ಳುವಾಗ ಅಪ್ಪಟ ತಾಮ್ರದ್ದೇ ಕೇಳಿ. ತಾಮ್ರದ ಲೇಪ ಬಳಿದ ಅಲ್ಯೂಮಿನಿಯಂ ಕೇಬಲ್ ಅಗ್ಗವಾಗಿ ಸಿಗುತ್ತದೆ. ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ. ಅಳಿಲು, ಇಲಿ ಕಡಿಯದಂತೆ ಪೂರ್ತಿ ಪೈಪಿನೊಳಗೇ ಹೋಗಲಿ. ಏಪ್ರಿಲ್ ಮೇ ತಿಂಗಳ ಗುಡುಗು ಮಳೆಯಲ್ಲಿ ಉದ್ದ ಕೇಬಲ್ಲಿನ ಮೂಲಕ ಸಿಡಿಲಿನ ಹೊಡೆತ ರೂಟರಿನ ತನಕ ಬರುತ್ತದೆ. ಮೋಡ ಕಟ್ಟಿದಾಗ ಪ್ಲಗ್ಗಿನ ಜತೆಗೆ ಕೇಬಲ್ಲನ್ನೂ ಕಿತ್ತಿಡುವುದು ಕ್ಷೇಮ. ಫೈಬರ್ ಗಾಜಿನೆಳೆ, ಅದರೊಳಗೆ ಕರೆಂಟು ಹರಿಯಲ್ಲ.

ರೂಟರಿನ ಹತ್ತಿರ ಎಲ್‌ಒಎಸ್ ಅನ್ನುವ ಕೆಂಪು ದೀಪ ಮಿಣುಕುತ್ತಿದೆ. ಫೈಬರ್ ಎಲ್ಲೋ ತುಂಡಾಗಿದೆ. ನಮ್ಮ ಕಡೆ ಫೈಬರನ್ನು ಮರದಿಂದ ಮರಕ್ಕೆ ಎಳೆದಿರುತ್ತಾರೆ, ಒಣ ಗರಿ ಬಿದ್ದರೆ ಮುಗಿಯಿತು. ನಾವು ಮಾಡುವ ಕೆಲಸ ಒಂದೇ: ಎಲ್ಲಿ ಬಿದ್ದಿದೆ ಅಂತ ನೋಡಿ, "ಕೆಂಪು ದೀಪ ಮಿಣುಕ್ತಿದೆ, ಇಂಥ ಮರದ ಹತ್ತಿರ ತುಂಡಾಗಿದೆ" ಅಂತ ಹೇಳುವುದು. ಬರೀ "ನೆಟ್ ಇಲ್ಲ" ಅಂದರೆ ಬರಲು ನಾಲ್ಕು ದಿನ, ಹೀಗೆ ಹೇಳಿದರೆ ಬೇಗ ಬರುತ್ತಾರೆ ಅನ್ನುವುದು ನನ್ನ ಅನುಭವ.

ಬೆಳಗ್ಗೆ ಇದ್ದ ಸಿಮ್ ಕ್ಯಾಮೆರಾ ಮಧ್ಯಾಹ್ನಕ್ಕೆ ಇಲ್ಲ. ಬೋರಿನ ಹತ್ತಿರ ಸೋಲಾರ್ ಹಾಕಿ ಸಿಮ್ ಕ್ಯಾಮೆರಾ ಕಟ್ಟಿದವರು ಈ ಲೆಕ್ಕ ನೋಡಿ. ಸೆಕೆಂಡಿಗೆ 2 ಮೆಗಾಬಿಟ್ ಹರಿಯುವ ಸ್ವಚ್ಛ ಚಿತ್ರವನ್ನು ನೇರ ನೋಡುತ್ತಾ ಕೂತರೆ ದಿನದ ಒಂದೂವರೆ ಜಿಬಿ ಡೇಟಾ 100 ನಿಮಿಷಕ್ಕೆ ಖಾಲಿ. ಆಮೇಲೆ ವೇಗ ಎಷ್ಟು ಇಳಿಯುತ್ತದೆಂದರೆ ಚಿತ್ರ ಬರುವುದೇ ಇಲ್ಲ. ನೇರ ನೋಡಲು ಕಡಿಮೆ ಗುಣಮಟ್ಟದ ಚಿತ್ರವನ್ನು ಆರಿಸಿಕೊಳ್ಳಿ, ಮೆಮೊರಿ ಕಾರ್ಡಿನಲ್ಲಿ ಮಾತ್ರ ಸ್ವಚ್ಛ ಚಿತ್ರ ದಾಖಲಾಗಲಿ. ಸಿಮ್ಮಿನ ರೀಚಾರ್ಜ್ ತಾರೀಖನ್ನು ಗೋಡೆ ಕ್ಯಾಲೆಂಡರಿನಲ್ಲಿ ಬರೆದಿಡಿ.

ನೇರ ನೋಡುವುದಕ್ಕಿಂತ ದಾಖಲೆ ಮುಖ್ಯ

ಮಾರುವವರು ತೋರಿಸುವುದು ಮೊಬೈಲಿನಲ್ಲಿ ನೇರ ಚಿತ್ರ. ನಾವೂ ಅದಕ್ಕೇ ಮರುಳಾಗುತ್ತೇವೆ. ಆದರೆ ಕಳವಾದ ಮೇಲೆ ಬೇಕಾಗುವುದು ದಾಖಲೆ. ಕ್ಯಾಮೆರಾದೊಳಗೆ ಮೆಮೊರಿ ಕಾರ್ಡ್‌ ಇದ್ದರೆ, ಅಥವಾ ಮನೆಯಲ್ಲಿ ರೆಕಾರ್ಡರ್ ಇದ್ದರೆ, ಹೊರಗಿನ ನೆಟ್ ವಾರಗಟ್ಟಲೆ ಇಲ್ಲದಿದ್ದರೂ ದಾಖಲಾಗುತ್ತಲೇ ಇರಬೇಕು. ಎಲ್ಲವನ್ನೂ ದೂರದ ಕಂಪ್ಯೂಟರಿಗೇ ಕಳಿಸುವ, ನೆಟ್ ಹೋದರೆ ಕುರುಡಾಗುವ ಕ್ಯಾಮೆರಾ ನಮ್ಮಂಥ ಕಡೆಗೆ ಹೇಳಿಸಿದ್ದಲ್ಲ.

ಅಟ್ಟದ ವಿಷಯದಲ್ಲಿ ಇನ್ನೊಂದು ತೊಡಕಿದೆ. ಕಾಯಿ ಅಟ್ಟ ಸೇರಿದರೆ ಹತ್ತು ಹನ್ನೆರಡು ತಿಂಗಳು ಅಲ್ಲೇ. ನಡುವೆ ಯಾರೂ ಎಣಿಸಲ್ಲ. ಕಳವಾದದ್ದು ಗೊತ್ತಾಗುವುದು ಇಳಿಸುವಾಗ. 2 ಮೆಗಾಬಿಟ್ ಲೆಕ್ಕದಲ್ಲಿ ಒಂದು ಕ್ಯಾಮೆರಾ ದಿನಕ್ಕೆ ಸುಮಾರು 21 ಜಿಬಿ ತಿನ್ನುತ್ತದೆ. ನಾಲ್ಕು ಕ್ಯಾಮೆರಾ, ಒಂದು ಟಿಬಿ ಡಿಸ್ಕು ಅಂದರೆ ಹನ್ನೊಂದು ದಿನಕ್ಕೆ ತುಂಬಿ, ಹಳೆಯದರ ಮೇಲೆ ಹೊಸದು ಬರೆಯುತ್ತಾ ಹೋಗುತ್ತದೆ. ಮೂರು ತಿಂಗಳ ಹಿಂದಿನ ಕಳ್ಳನ ಮುಖ ಅಲ್ಲಿ ಇರಲ್ಲ. ಆದ್ದರಿಂದ ಅಟ್ಟದ ಕ್ಯಾಮೆರಾವನ್ನು ಚಲನೆ ಕಂಡಾಗ ಮಾತ್ರ ದಾಖಲಿಸುವಂತೆ ಇಡಿಸಿ, ವಾರಕ್ಕೊಮ್ಮೆ ತೆರೆದು ನೋಡಿ. ಮುಂದೆ ಕಟ್ಟಿದ ಜೇಡರ ಬಲೆ ತೆಗೆಯದಿದ್ದರೆ ರಾತ್ರಿಯೆಲ್ಲ ಬಲೆ ಅಲುಗಿದ್ದನ್ನೇ ದಾಖಲಿಸಿ ಡಿಸ್ಕು ತುಂಬಿಸುತ್ತದೆ.

ತಾರೀಖು ಕೂಡ ನೋಡಿ. ಎಷ್ಟೋ ಕ್ಯಾಮೆರಾಗಳು ಗಡಿಯಾರವನ್ನು ಇಂಟರ್ನೆಟ್ಟಿನಿಂದ ಸರಿಮಾಡಿಕೊಳ್ಳುತ್ತವೆ. ನೆಟ್ ಇಲ್ಲದೆ ಕರೆಂಟು ಹೋಗಿ ಬಂದರೆ ಕೆಲವು 1970ನೇ ಇಸವಿ ತೋರಿಸುತ್ತವೆ. ಆ ಚಿತ್ರ ಹಿಡಿದು ಠಾಣೆಗೆ ಹೋದರೆ ಏನು ಹೇಳುತ್ತೀರಿ? 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಇಂಥ ದಾಖಲೆಯ ಪ್ರತಿಯನ್ನು ಕೋರ್ಟಿಗೆ ಕೊಡುವಾಗ, ಉಪಕರಣದ ಉಸ್ತುವಾರಿ ಇರುವವರೂ ತಜ್ಞರೂ ಸಹಿ ಮಾಡಿದ ಪ್ರಮಾಣಪತ್ರ ಬೇಕು. ಉಸ್ತುವಾರಿ ನಮ್ಮದು ಅಂತ ಸಹಿ ಹಾಕಬೇಕಾದರೆ, ಅದು ಸರಿಯಾಗಿ ನಡೆಯುತ್ತಿತ್ತು ಅಂತ ನಮಗೆ ಗೊತ್ತಿರಬೇಕಲ್ಲವೇ?

ದುಡ್ಡು ಎಣಿಸುವ ಮುಂಚೆ

ನಮ್ಮ ಮನೆಗೆ ಕ್ಯಾಮೆರಾ ಹಾಕಿದವರು ಖಾತೆಯನ್ನು ತಮ್ಮದೇ ಮೊಬೈಲ್ ನಂಬರಿನಲ್ಲಿ ತೆರೆದಿದ್ದರು. ನಮಗೆ ಕೊಟ್ಟದ್ದು ಬರೀ ನೋಡುವ ಹಕ್ಕು. ಕ್ಯಾಮೆರಾ ಮೊದಲು ಯಾರ ಖಾತೆಗೆ ಸೇರಿತೋ ಅವರು ಬಿಟ್ಟುಕೊಡದ ಹೊರತು ಬೇರೆ ಖಾತೆಗೆ ಸೇರಲ್ಲ. ಅದನ್ನು ಬಿಡಿಸಿಕೊಳ್ಳಲು ಎರಡು ತಿಂಗಳು ಅಲೆದಾಟ ಆಯಿತು. ಆವತ್ತಿನಿಂದ ಯಾರು ಕೇಳಿದರೂ ನಾನು ನಾಲ್ಕು ಷರತ್ತು ಹೇಳುತ್ತೇನೆ.

ಒಂದು, ಖಾತೆ ಮನೆಯ ಯಜಮಾನನದೋ ಯಜಮಾನಿಯದೋ ನಂಬರಿನಲ್ಲಿರಬೇಕು. ಮಕ್ಕಳಿಗೆ ಹಂಚಿಕೊಳ್ಳಬಹುದು.

ಎರಡು, ಕಂಪನಿ ಕೊಟ್ಟ ಪಾಸ್‌ವರ್ಡ್‌ ನಮ್ಮ ಎದುರಿಗೇ ಬದಲಾಗಬೇಕು. ತೋಟದ ಕ್ಯಾಮೆರಾ ಯಾರಿಗೆ ಬೇಕು ಅನ್ನಬೇಡಿ. 2016ರಲ್ಲಿ ಮಿರಾಯ್ ಅನ್ನುವ ಪೀಡೆ ಇದೇ ಹಳೇ ಪಾಸ್‌ವರ್ಡುಗಳನ್ನು ಹಿಡಿದು ಲೋಕದ ಲಕ್ಷಾಂತರ ಕ್ಯಾಮೆರಾ, ರೆಕಾರ್ಡರುಗಳೊಳಗೆ ನುಗ್ಗಿತು. ಅವುಗಳ ಯಜಮಾನರಿಗೆ ಸುಳಿವೇ ಇಲ್ಲದೆ, ಆ ಅಕ್ಟೋಬರಿನಲ್ಲಿ ಅಮೆರಿಕದ ದೊಡ್ಡ ದೊಡ್ಡ ಜಾಲತಾಣಗಳನ್ನೇ ಗಂಟೆಗಟ್ಟಲೆ ನಿಲ್ಲಿಸಿತು. ನಮ್ಮ ದೇಶದಲ್ಲೂ 2025ರ ಏಪ್ರಿಲ್ 9ರಿಂದ ಭದ್ರತಾ ಪರೀಕ್ಷೆ ಪಾಸಾದ ಕ್ಯಾಮೆರಾಗಳನ್ನೇ ತಯಾರಿಸಿ, ಆಮದು ಮಾಡಿ ಮಾರಬೇಕು ಅನ್ನುವ ನಿಯಮ ಬಂದಿದೆ. ಆ ಪ್ರಮಾಣಪತ್ರ ಇದೆಯಾ ಅಂತ ಅಂಗಡಿಯಲ್ಲಿ ಕೇಳಿ.

ಮೂರು, ಕೆಲಸ ಮುಗಿದ ಮೇಲೆ ಇಂಟರ್ನೆಟ್ ತಂತಿ ಕಿತ್ತು ತೋರಿಸಲಿ. ಮನೆಯೊಳಗೆ ಚಿತ್ರ ಕಾಣಬೇಕು, ದಾಖಲೆ ನಡೆಯುತ್ತಿರಬೇಕು. ಆಮೇಲೆ ಮೇನ್ ಸ್ವಿಚ್ ಆರಿಸಿ ಹತ್ತಿಸಲಿ. ಯಾರೂ ಮುಟ್ಟದೆ ಎಲ್ಲ ಕ್ಯಾಮೆರಾವೂ ವಾಪಸು ಬರಬೇಕು. ಬಂದ ಮೇಲೆ ದುಡ್ಡು.

ನಾಲ್ಕು, ಯಾವ ತಂತಿ ಎಲ್ಲಿಂದ ಎಲ್ಲಿಗೆ, ಯಾವ ಕ್ಯಾಮೆರಾದ ನಂಬರು ಎಷ್ಟು, ವೈಫೈ ಹೆಸರೇನು ಅಂತ ಒಂದು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದುಕೊಡಲಿ. ಪಾಸ್‌ವರ್ಡನ್ನು ನಾವೇ ಬರೆದು ಬೀರುವಿನಲ್ಲಿಡೋಣ. ಡಬ್ಬಿಗಳ ಮೇಲೂ ಚೀಟಿ ಅಂಟಿಸಿ: ಇದು ರೂಟರು, ಇದು ರೆಕಾರ್ಡರು, ಇದು ಬೋರಿನ ಕ್ಯಾಮೆರಾದ ಅಡಾಪ್ಟರು.

ಐದನೇ ಕ್ಯಾಮೆರಾಕ್ಕೆ ಹಾಕುವ ದುಡ್ಡನ್ನು ಮೊದಲು ಬ್ಯಾಟರಿಗೆ ಹಾಕಿ ಅಂತಲೂ ಹೇಳುತ್ತೇನೆ. ಕಳ್ಳನಿಗೂ ಕರೆಂಟು ಹೋಗುವ ಹೊತ್ತು ಗೊತ್ತು. ರೂಟರು, ರೆಕಾರ್ಡರು, ಎರಡು ಕ್ಯಾಮೆರಾ ಸೇರಿ 30 ವ್ಯಾಟ್ ಅನ್ನಿ. ಮನೆಯಲ್ಲಿರುವ 150 ಆಂಪಿಯರ್-ಅವರ್ ಇನ್ವರ್ಟರ್ ಬ್ಯಾಟರಿ, ಬೇರೇನೂ ಹಾಕದಿದ್ದರೆ, ನಷ್ಟ ಕಳೆದೂ ಒಂದು ದಿನ ಎಳೆಯುತ್ತದೆ. ಆದರೆ ಎಲ್ಲವೂ ಅದೇ ಲೈನಿನಲ್ಲಿರಬೇಕು. ಕ್ಯಾಮೆರಾಕ್ಕೆ ಬ್ಯಾಟರಿ ಕೊಟ್ಟು ರೂಟರನ್ನು ಬರೀ ಕರೆಂಟಿಗೆ ಬಿಟ್ಟರೆ ಬೆಂಗಳೂರಿನ ಮೊಬೈಲಿಗೆ ಏನೂ ಬರಲ್ಲ.

ಊರಿಗೆ ಒಬ್ಬರಾದರೂ

ಇಷ್ಟನ್ನೂ ಪ್ರತಿ ಮನೆಯವರೂ ಕಲಿಯುವುದು ಕಷ್ಟ ಅನ್ನಬಹುದು. ಹಾಗಾದರೆ ಐದಾರು ತೋಟದ ಮನೆಗೆ ಒಬ್ಬರು ಕಲಿಯಲಿ. ಹೆಣ್ಣುಮಕ್ಕಳು ಕಲಿತರೆ ಇನ್ನೂ ಒಳ್ಳೆಯದು. ಹಗಲು ಮನೆಯಲ್ಲಿರುವವರು, ಡಬ್ಬಿಯ ದೀಪ ದಿನವೂ ಕಣ್ಣಿಗೆ ಬೀಳುವವರು ಅವರೇ. ಹಾಲಿನ ಡೇರಿ ಹತ್ತಿರ ಒಂದು ಸಂಜೆ ಕೂತು ಒಂದು ಕ್ಯಾಮೆರಾ, ಒಂದು ರೂಟರು ಮುಂದಿಟ್ಟುಕೊಂಡು ತಂತಿ ಕಿತ್ತು ಜೋಡಿಸಿ ನೋಡಿದರೆ ಈ ಲೇಖನ ಹತ್ತು ಸಲ ಓದಿದ್ದಕ್ಕಿಂತ ಚೆನ್ನಾಗಿ ತಲೆಗೆ ಹೋಗುತ್ತದೆ. ಎಲ್ಲರೂ ಸೇರಿ ಒಂದು ಅಡಾಪ್ಟರು, ಒಂದು ಹಳೇ ರೂಟರು, ಇಪ್ಪತ್ತು ಮೀಟರು ಒಳ್ಳೆ ಕೇಬಲ್ಲನ್ನು ಹೆಚ್ಚುವರಿ ಇಟ್ಟುಕೊಂಡರೆ ಯಾವುದು ಕೆಟ್ಟಿದೆ ಅಂತ ಬದಲಾಯಿಸಿ ನೋಡಬಹುದು.

ಕೊಬ್ಬರಿ ಬೆಲೆ ಏರಿಳಿತ ನಮ್ಮ ಕೈಯಲ್ಲಿಲ್ಲ. ವರ್ಷ ಕಾದ ಅಟ್ಟವನ್ನು ಕಾಯುವ ಕೆಲಸವನ್ನಾದರೂ, ಎಂದು ಬರುತ್ತಾನೋ ಗೊತ್ತಿಲ್ಲದ ಹುಡುಗನ ಕೈಯಲ್ಲಿ ಬಿಡುವುದು ಬೇಡ. ಇವತ್ತು ಸಂಜೆಯೇ ಮೊಬೈಲಿನ ಡೇಟಾ ಆರಿಸಿ, ಮನೆಯ ವೈಫೈನಲ್ಲಿ ನಿಮ್ಮ ಕ್ಯಾಮೆರಾ ತೆರೆದು ನೋಡಿ. ನಿನ್ನೆ ರಾತ್ರಿಯ ದಾಖಲೆ ಇದೆಯಾ, ತಾರೀಖು ಸರಿಯಿದೆಯಾ ಅಂತಲೂ ನೋಡಿ. ನಿಮ್ಮ ಕಡೆ ಬೇರೆ ಥರದ ತೊಂದರೆ ಕಂಡು, ಅದಕ್ಕೆ ನೀವೇ ದಾರಿ ಹುಡುಕಿದ್ದರೆ ಪತ್ರಿಕೆಗೆ ನಾಲ್ಕು ಸಾಲು ಬರೆಯಿರಿ. ಉಳಿದವರಿಗೂ ಉಪಯೋಗವಾಗುತ್ತದೆ.